ಕಾರಿನ ಎಣ್ಣೆಯ ನಂಬರು

ನಮ್ಮ ಮನೆಯಲ್ಲಿ ಕಾರಿನ ಎಣ್ಣೆ ಬದಲಿಸುವ ದಿನ ನನಗಿದ್ದ ಕೆಲಸ ಒಂದೇ, ಟಾರ್ಚ್ ಹಿಡಿಯುವುದು. ಅದನ್ನೂ ನಾನು ನೆಟ್ಟಗೆ ಹಿಡಿಯುತ್ತಿರಲಿಲ್ಲ. "ರೀ, ನನ್ ಕಣ್ಣಿಗಲ್ಲ, ಬೋಲ್ಟಿಗೆ ಬಿಡಿ ಲೈಟು" ಎಂದು ಕಾರಿನ ಅಡಿಯಿಂದ ಹೆಂಡತಿಯ ದನಿ ಬರುತ್ತಿತ್ತು. "ನಿಮ್ಗೆ ಕೋಡ್ ಬರತ್ತೆ, ಕಾರ್ ಬರಲ್ಲ. ಅಲ್ಲಾಡ್ದೆ ನಿಂತ್ಕೊಳ್ಳಿ, ಅಷ್ಟು ಸಾಕು."

ಅವಳು ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿದವಳು. ಈ ದೇಶಕ್ಕೆ ಬಂದ ಮೇಲೆ ನನ್ನ ಹಾಗೆಯೇ ಸಾಫ್ಟ್‌ವೇರಿಗೆ ಬಿದ್ದಳು. ನಾನು ರೆಡ್ಮಂಡಿಗೆ ಹೋಗುತ್ತಿದ್ದೆ, ಅವಳು ಮನೆಗೆ ಹತ್ತಿರವಿದ್ದ ನಾರ್ತ್ ಕ್ರೀಕಿನ ಒಂದು ಆಫೀಸಿಗೆ. ಆದರೆ ಕಾರನ್ನು ಮಾತ್ರ ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಹಿಂದೊಮ್ಮೆ ಯಾವುದೋ ಅಂಗಡಿಯವರು ಎಣ್ಣೆ ಇಳಿಸುವ ಬೋಲ್ಟನ್ನು ಥ್ರೆಡ್ ಕಿತ್ತುಹೋಗುವಂತೆ ಬಿಗಿದು ಕಳಿಸಿದ್ದರಂತೆ. ಅಂದಿನಿಂದ ವರ್ಷಕ್ಕೊಮ್ಮೆ, ಆಯುಧಪೂಜೆಯ ಬೆಳಗ್ಗೆ, ನಮ್ಮ ಗ್ಯಾರೇಜಿನಲ್ಲಿ ಅವಳೇ ಎಣ್ಣೆ ಬದಲಿಸಿ ಅವಳೇ ಪೂಜೆ ಮಾಡುತ್ತಿದ್ದಳು. ಹಬ್ಬ ವಾರದ ನಡುವೆ ಬಂದರೆ ನಾವು ಅದನ್ನು ಶನಿವಾರಕ್ಕೆ ಎಳೆದುಕೊಳ್ಳುತ್ತೇವೆ. ಎಲ್ಲರೂ ಸ್ಟಿಯರಿಂಗಿಗೆ, ಬಾನೆಟ್ಟಿಗೆ ಕುಂಕುಮ ಇಟ್ಟರೆ ಇವಳು ಬಾನೆಟ್ ಎತ್ತಿ, ಎಂಜಿನ್ನಿನ ನೆತ್ತಿಯ ಮೇಲಿರುವ ಎಣ್ಣೆ ಮುಚ್ಚಳಕ್ಕೂ ಅರಿಸಿನ ಕುಂಕುಮ ಬಳಿಯುತ್ತಿದ್ದಳು. "ಹೊರಗಡೆ ಹಚ್ಚಿದ್ರೆ ತಗಡಿಗೆ ಪೂಜೆ ಆಯ್ತು ಅಷ್ಟೇ. ಕೆಲ್ಸ ಮಾಡೋದು ಇದು" ಎನ್ನುತ್ತಿದ್ದಳು.

ನಮ್ಮದು ಹೈಬ್ರಿಡ್ ಕಾರು, ಸ್ವಲ್ಪ ಹೊತ್ತು ಬ್ಯಾಟರಿಯ ಮೇಲೆ, ಸ್ವಲ್ಪ ಹೊತ್ತು ಪೆಟ್ರೋಲಿನ ಮೇಲೆ ಓಡುವಂಥದ್ದು. ಅದಕ್ಕೆ ಎಂಥ ಎಣ್ಣೆ ಬೇಕು ಎಂದು ಅವಳು ಒಂದು ಸಲ ನನಗೆ ವಿವರಿಸಿದ್ದಳು. ಚಳಿಗಾಲದ ಬೆಳಗು, ಬಚ್ಚಲಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಕಲ್ಲಾಗಿತ್ತು. ಅದನ್ನು ನನ್ನ ಮುಖದ ಮುಂದೆ ಹಿಡಿದು, "ಇದನ್ನ ಬಿಸಿನೀರಲ್ಲಿಟ್ಟು ಕಾಯ್ತೀವಿ, ಕರಗತ್ತೆ. ಎಂಜಿನ್ ಕಾಯಲ್ಲ ರೀ. ನಮ್ ಕಾರಲ್ಲಿ ಸಿಗ್ನಲ್ ಸಿಗ್ನಲ್‌ಗೂ ಎಂಜಿನ್ ನಿಲ್ಲತ್ತೆ, ತಣ್ಣಗಿರೋವಾಗ್ಲೇ ಮತ್ತೆ ಏಳತ್ತೆ. ಎದ್ದ ತಕ್ಷಣ ಎಣ್ಣೆ ಮೂಲೆಮೂಲೆಗೂ ಓಡ್ಬೇಕು. ಅದಕ್ಕೇ ತೆಳು ಎಣ್ಣೆ" ಎಂದಿದ್ದಳು. ಆಮೇಲೆ ನಂಬರನ್ನೂ ಹೇಳಿದಳು. ನಾನು ಫೋನಿನಲ್ಲಿ ಯಾವುದೋ ಮೇಲ್ ಓದುತ್ತ "ಹ್ಞೂಂ" ಎಂದೆ. ಕೊಬ್ಬರಿ ಎಣ್ಣೆ ನೆನಪಿದೆ, ನಂಬರು ನೆನಪಿಲ್ಲ.

ಕಳೆದ ಡಿಸೆಂಬರಿನಲ್ಲಿ, ಬೆಳಗಿನ ತಿಂಡಿಯ ಹೊತ್ತಿಗೆ, ಅವಳ ಕೈಯಿಂದ ಸೌಟು ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಏಳಲಿಲ್ಲ. ಪಾರ್ಶ್ವವಾಯು ಎಂದರು. ಬಲಗೈ ಹೋಯಿತು, ಬಲಗಾಲು ಅರ್ಧ ಹೋಯಿತು, ಮಾತು ಪೂರ್ತಿ ಹೋಯಿತು. ಕಾಲು ಕೋಲು ಹಿಡಿದು ನಡೆಯುವಷ್ಟು ವಾಪಸಾಯಿತು. ಮಾತು ಮಾತ್ರ ತನಗಿಷ್ಟ ಬಂದ ಹಾಗೆ ಬಂತು. ಇಂಗ್ಲಿಷ್ ಬರಲೇ ಇಲ್ಲ. ಕನ್ನಡದ ಚೂರುಗಳು ಬಂದವು: "ಅದು", "ಬೇಡ", "ಸಾಕು", "ಹೌದು". ಎಲ್ಲಕ್ಕಿಂತ ಹೆಚ್ಚು ಹದಗೆಟ್ಟದ್ದು ಸಂಖ್ಯೆಗಳು. ಗಂಟೆ ಎಷ್ಟು ಎಂದು ಕೇಳಿದರೆ ಗಡಿಯಾರವನ್ನು ಸರಿಯಾಗಿಯೇ ನೋಡಿ "ನೂರು" ಎನ್ನುತ್ತಾಳೆ. ಹದಿನೈದು ವರ್ಷದ ಮಗಳ ವಯಸ್ಸು ಒಂದು ದಿನ ಮೂರು, ಒಂದು ದಿನ ಅರವತ್ತು. ತಪ್ಪಾಯಿತೆಂದು ಗೊತ್ತಾದರೆ ಅಳುತ್ತಾಳೆ. ಗೊತ್ತಾಗದಿದ್ದ ದಿನ ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ.

ವಾರಕ್ಕೆರಡು ದಿನ ಮಾತಿನ ಚಿಕಿತ್ಸೆಗೆ ಕರೆದುಕೊಂಡು ಹೋಗುತ್ತಿದ್ದೆ. ಚಿಕಿತ್ಸೆ ಮಾಡುವಾಕೆ ಇಂಗ್ಲಿಷ್ ಮಾತ್ರ ಬಲ್ಲವರು, ತಾಳ್ಮೆಯ ಹೆಂಗಸು. ಮೊದಲ ದಿನವೇ ನನಗೊಂದು ವಿಷಯ ಹೇಳಿದ್ದರು. ಇವಳ ತಲೆಯೊಳಗೆ ಇರುವುದು ಸರಿಯಾಗಿಯೇ ಇರಬಹುದು, ಬಾಯಿಗೆ ಬರುವಾಗ ಬೇರೆಯದಾಗುತ್ತದೆ, ಎರಡನ್ನೂ ಒಂದೇ ಎಂದುಕೊಳ್ಳಬೇಡಿ ಎಂದು. ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಮೊದಲಿನಿಂದಲೂ ನಿಸ್ಸೀಮ. ಬೇಸಿಗೆಯ ಕೊನೆಗೆ ಆಕೆ ಇನ್ನೊಂದು ಸಲಹೆ ಕೊಟ್ಟರು: ಅವಳು ಮೊದಲು ಮಾಡುತ್ತಿದ್ದ ಕೆಲಸವೊಂದನ್ನು ಅವಳಿಗೆ ವಾಪಸ್ ಕೊಡಿ, ನಿಜವಾಗಿ ಬೇಕಾದ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ, ನೀವಾಗಿ ಪದ ತುಂಬಬೇಡಿ.

ಅದೇ ವಾರ ಕಾರಿನಲ್ಲಿ ಎಣ್ಣೆ ಬದಲಿಸಿ ಎನ್ನುವ ದೀಪ ಹತ್ತಿತು. ದೇವರೇ ಹತ್ತಿಸಿದ ಎಂದುಕೊಂಡೆ. ನಮ್ಮ ಮನೆಯಲ್ಲಿ ಅಷ್ಟು ಹೊತ್ತಿಗೆ ಎಲ್ಲ ತೀರ್ಮಾನಗಳೂ ನನ್ನವಾಗಿದ್ದವು. ಅವಳು ಏನು ಉಡಬೇಕು, ಎಷ್ಟು ಹೊತ್ತಿಗೆ ಮಾತ್ರೆ ನುಂಗಬೇಕು, ಸಾರಿಗೆ ಎಷ್ಟು ಉಪ್ಪು, ಎಲ್ಲ. ಕಾರಿನ ವಿಷಯವೊಂದರಲ್ಲಾದರೂ ಅವಳ ಮಾತೇ ಕೊನೆಯ ಮಾತಾಗಿ ಉಳಿಯಬೇಕು ಎಂದು ನನಗೆ ಬಹಳ ಆಸೆಯಾಯಿತು. ಅದೂ ಹೋದರೆ ಅವಳು ಬರೀ ನಾನು ನೋಡಿಕೊಳ್ಳುವ ಒಬ್ಬ ರೋಗಿಯಾಗಿಬಿಡುತ್ತಾಳೆ ಎಂದು ಹೆದರಿಕೆಯಾಗುತ್ತಿತ್ತು. ಹೆಂಡತಿ ಎಲ್ಲಿ ಹೋದಳು ಎಂದು ಆಮೇಲೆ ಯಾರನ್ನು ಕೇಳಲಿ?

ಆದರೆ ಕೇಳುವ ಮುಂಚೆ ನಾನೇ ಉತ್ತರ ತಿಳಿದುಕೊಂಡಿರೋಣ ಎಂದು ಹೊರಟೆ. ಮೊದಲು ಕಾರಿನ ಪುಸ್ತಕ. ಅದನ್ನು ಅವಳು ಓದಲು ಒಳಗೆ ತಂದು ಎಲ್ಲೋ ಜೋಪಾನವಾಗಿ ಇಟ್ಟಿದ್ದಾಳೆ. ಅವಳು ಜೋಪಾನ ಮಾಡಿದ್ದು ಅವಳಿಗೊಬ್ಬಳಿಗೇ ಸಿಗುವುದು. ಎಣ್ಣೆ ಬದಲಿಸಿದ ಲೆಕ್ಕವೆಲ್ಲ ಅವಳ ಫೋನಿನಲ್ಲಿರಬೇಕು, ಆದರೆ ಆಸ್ಪತ್ರೆಯಲ್ಲಿ ಆಫ್ ಆದ ಫೋನು ಮತ್ತೆ ಆನ್ ಮಾಡಿದರೆ ಆರು ಅಂಕಿ ಕೇಳುತ್ತದೆ. ಅಂಕಿ ಕೇಳಿದರೆ ನಮ್ಮ ಮನೆಯಲ್ಲಿ ಕಥೆ ಮುಗಿಯಿತು.

ಉಳಿದದ್ದು ಇಂಟರ್ನೆಟ್ಟು. ಇಪ್ಪತ್ತು ವರ್ಷ ಸಾಫ್ಟ್‌ವೇರ್ ಮಾಡಿದವನಿಗೆ ಇದೇನು ಮಹಾ ಎಂದುಕೊಂಡು ಕೂತೆ. ಒಂದು ಕಡೆ 0W-16 ಎಂದಿತ್ತು. ಇನ್ನೊಂದು ಕಡೆ ಅದು ಸಿಗದಿದ್ದರೆ 0W-20 ಹಾಕಬಹುದು, ಮುಂದಿನ ಸಲ ಮತ್ತೆ ಹದಿನಾರಕ್ಕೇ ಬರಬೇಕು ಎಂದಿತ್ತು. ಮತ್ತೊಂದು ಕಡೆ ಇದೇ ಕಾರು ಬೇರೆ ದೇಶದಲ್ಲಿ ಮಾರಾಟವಾದರೆ ಇನ್ನೂ ದಪ್ಪ ಎಣ್ಣೆ ಕುಡಿಯುತ್ತದೆ ಎಂದಿತ್ತು. ಆಮೇಲೆ ಕಾರಿನವರ ಹರಟೆಕಟ್ಟೆಗೆ ಬಿದ್ದೆ. ಹದಿನಾರು ಹಾಕಿದರೆ ಎಂಜಿನ್ ಸವೆದುಹೋಗುತ್ತದೆ ಎಂದೊಬ್ಬ, ಇಪ್ಪತ್ತು ಹಾಕಿದವನಿಗೆ ಬುದ್ಧಿಯಿಲ್ಲ ಎಂದೊಬ್ಬ, ಎಂಜಿನ್ ಹಳತಾದಂತೆ ದಪ್ಪ ಮಾಡುತ್ತ ಹೋಗಬೇಕು ಎಂದು ಮತ್ತೊಬ್ಬ. ಎಲ್ಲರೂ ಸಿಟ್ಟಿನಲ್ಲಿದ್ದರು. ಎಡಗಡೆಯ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವುದಕ್ಕೆ, ಬಲಗಡೆಯದು ಬಿಸಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಎನ್ನುವುದಕ್ಕೆ, ಇಷ್ಟು ಅರ್ಥವಾಯಿತು. ನನಗೆ ಯಾವುದು ಬೇಕು ಎನ್ನುವುದು ಮಾತ್ರ ಅರ್ಥವಾಗಲಿಲ್ಲ. ಮೂರು ವಾರ ಹೀಗೇ ಒದ್ದಾಡಿದೆ.

ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. "ಅಪ್ಪಾ, ಜಸ್ಟ್ ಆಸ್ಕ್ ಅಮ್ಮ" ಎಂದಳು.

ಕೇಳಿದೆ. ಭಾನುವಾರ ಬೆಳಗ್ಗೆ ಕಾಫಿ ಕೊಟ್ಟು, ಎದುರಿಗೆ ಕೂತು, ನಿಧಾನವಾಗಿ ಕೇಳಿದೆ. "ನಮ್ ಕಾರಿಗೆ ಎಣ್ಣೆ ಯಾವ್ ನಂಬರ್ ಹಾಕ್ಬೇಕೇ?"

ಅವಳ ಕಣ್ಣಿನಲ್ಲಿ ಒಂದು ಬೆಳಕು ಬಂತು. ತಿಂಗಳುಗಳಿಂದ ನಾನು ಅವಳನ್ನು ಕೇಳುತ್ತಿದ್ದದ್ದೆಲ್ಲ ನನಗೆ ಉತ್ತರ ಗೊತ್ತಿದ್ದ ಪ್ರಶ್ನೆಗಳು. ಇದು ನನಗೆ ಗೊತ್ತಿಲ್ಲ ಎಂದು ಅವಳಿಗೆ ಗೊತ್ತಾಯಿತು. ಬೆನ್ನು ನೆಟ್ಟಗೆ ಮಾಡಿಕೊಂಡು, ಒಂದು ಕ್ಷಣವೂ ತಡವರಿಸದೆ, "ನಲವತ್ತು" ಎಂದಳು.

"ನಲವತ್ತಾ?"

"ಹೌದು. ನಲವತ್ತು." ಎಡಗೈಯಿಂದ ಮೇಜಿನ ಮೇಲೆ ಕುಟ್ಟಿದಳು. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ಕೇಳಿ ಎಷ್ಟೋ ಕಾಲವಾಗಿತ್ತು. ನಾನು "ಸರಿ" ಎಂದೆ.

ಮೈಸೂರಿನಲ್ಲಿ ಅವಳ ತಮ್ಮನಿದ್ದಾನೆ, ಸ್ಕೂಟರ್ ಬೈಕ್ ರಿಪೇರಿಯ ವರ್ಕ್‌ಶಾಪ್ ಇಟ್ಟುಕೊಂಡಿದ್ದಾನೆ. ಅವನಾದರೂ ಅಲ್ಲವೆನ್ನಲಿ ಎಂದು ಕಾಲ್ ಮಾಡಿದೆ. ಅವನು ಖುಷಿಯಾಗಿಬಿಟ್ಟ. "ಭಾವ, ನಾವೂ ಇಲ್ಲಿ ಗಾಡಿಗೆಲ್ಲಾ ಟ್ವೆಂಟಿ ಫಾರ್ಟಿನೇ ಹಾಕೋದು. ಆ ಸೊನ್ನೆ ನಂಬರ್‌ದು ನೀರ್ ನೀರಾಗಿರತ್ತೆ, ನಂಬ್ಬೇಡಿ. ಅಕ್ಕ ನಲವತ್ತು ಅಂದ್ಮೇಲೆ ಮುಗೀತು. ಅಕ್ಕ ಸುಮ್ನೆ ಹೇಳೋಳಲ್ಲ."

ನಲವತ್ತು ತಪ್ಪು ಎಂದು ನನಗೆ ಗೊತ್ತಿತ್ತು. ಹದಿನಾರೋ ಇಪ್ಪತ್ತೋ ಎಂಬ ಜಗಳದಲ್ಲಿ ನಲವತ್ತನ್ನು ಯಾರೂ ಹತ್ತಿರಕ್ಕೂ ಬಿಟ್ಟುಕೊಂಡಿರಲಿಲ್ಲ. ಅವಳ ಮಾತು ಕೇಳಿದರೆ ಅವಳ ಎಂಜಿನ್ನಿಗೆ ಕೇಡು, ಕೇಳದಿದ್ದರೆ ಅವಳಿಗೇ ಕೇಡು. ಅತ್ತ ದರಿ ಇತ್ತ ಪುಲಿ ಎಂದು ಬರೀ ಓದಿದ್ದೆ, ಆಗ ಗೊತ್ತಾಯಿತು. ಕೊನೆಗೆ ಒಂದು ಉಪಾಯ ಹೊಳೆಯಿತು. ನನಗೆ ಹೊಳೆಯುವ ಉಪಾಯಗಳೆಲ್ಲ ಹೇಡಿಯವು.

ಬಿಡಿಭಾಗಗಳ ಅಂಗಡಿಗೆ ಹೋಗಿ ಎರಡು ಡಬ್ಬ ತಂದೆ. ಒಂದರ ಮೇಲೆ 5W-40, ಇನ್ನೊಂದರ ಮೇಲೆ 0W-16. ಅವಳು ಮಧ್ಯಾಹ್ನ ಮಲಗಿದ್ದಾಗ ನಲವತ್ತರ ಡಬ್ಬದಲ್ಲಿದ್ದದ್ದನ್ನು ಒಂದು ಹಳೆಯ ಕ್ಯಾನಿಗೆ ಸುರಿದು, ಆ ಡಬ್ಬಕ್ಕೆ ಹದಿನಾರರ ಎಣ್ಣೆ ತುಂಬಿದೆ. ಹೊರಗೆ ಅವಳ ನಂಬರು, ಒಳಗೆ ಇಂಟರ್ನೆಟ್ಟಿನ ನಂಬರು. ಖಾಲಿಯಾದ ಹದಿನಾರರ ಡಬ್ಬವನ್ನು ಅಕ್ಕಿ ಮೂಟೆಯ ಹಿಂದೆ ಅಡಗಿಸಿಟ್ಟೆ. ಅಷ್ಟು ಮಾಡಿಯೂ ಹದಿನಾರು ಸರಿಯೋ ತಪ್ಪೋ ನನಗೆ ಖಾತ್ರಿಯಿರಲಿಲ್ಲ. ಮಗಳು ಬಾಗಿಲಲ್ಲಿ ನಿಂತು ನೋಡಿದಳು. "ದಟ್ಸ್ ಮೀನ್, ಅಪ್ಪಾ."

"ಅಮ್ಮನ ಖುಷಿಗೆ ಕಣೇ" ಎಂದೆ.

"ನೋ. ಇಟ್ಸ್ ಫಾರ್ ಯೂ" ಎಂದು ಹೊರಟುಹೋದಳು. ಅವಳಮ್ಮನ ಮಗಳೇ.

ಹಬ್ಬದ ಶನಿವಾರ ಹೊರಗೆ ಜಿನುಗು ಮಳೆ. ಗ್ಯಾರೇಜಿನ ಬಾಗಿಲು ಅರ್ಧ ಎತ್ತಿ, ಕಾರಿನ ಮುಂಗಾಲುಗಳನ್ನು ಇಳಿಜಾರು ಕಟ್ಟೆಗಳ ಮೇಲೆ ಹತ್ತಿಸಿದೆ. ಅವಳಿಗೆ ಮಡಚುವ ಕುರ್ಚಿ ಹಾಕಿದೆ. ಪಕ್ಕದಲ್ಲಿ ಪೂಜೆಯ ತಟ್ಟೆ, ನಿಂಬೆಹಣ್ಣು, ಚೆಂಡು ಹೂವು. ನಾನು ಕಾರಿನ ಕೆಳಗೆ ತೂರಲು ಬಗ್ಗಿದೆನೋ ಇಲ್ಲವೋ, ಅವಳ ಕೋಲು ನನ್ನ ಪ್ಯಾಂಟಿನ ಜೇಬಿಗೆ ತಿವಿಯಿತು.

"ಅದು. ಅದು!"

ಜೇಬಿನಲ್ಲಿ ಕಾರಿನ ಕೀ ಇತ್ತು. ಹೈಬ್ರಿಡ್ ಕಾರು ಸದ್ದಿಲ್ಲದೆ ನಿಂತಿದ್ದರೂ ಆನ್ ಆಗಿರಬಹುದು, ಎಂಜಿನ್ ತಾನಾಗಿ ಏಳಬಹುದು, ಅದಕ್ಕೇ ಕೀಯನ್ನು ಅಡುಗೆಮನೆಯಲ್ಲಿ ಉಪ್ಪಿನ ಭರಣಿಯ ಪಕ್ಕ ಇಟ್ಟು ಬರುವುದು ಅವಳ ನಿಯಮ. ನಾನು ಮರೆತಿದ್ದೆ, ಅವಳು ಮರೆತಿರಲಿಲ್ಲ. ಮಗಳು ಕೀ ಒಳಗಿಟ್ಟು ಬಂದಳು. ಆಮೇಲೆ ಎಲ್ಲವೂ ಅವಳ ಕೋಲಿನ ತುದಿಯಿಂದಲೇ ನಡೆಯಿತು. ಯಾವ ಪಾನಾ, ಯಾವ ಕಡೆ ತಿರುಗಿಸಬೇಕು, ಬೋಲ್ಟು ಎಷ್ಟಕ್ಕೆ ಸಾಕು. "ಸಾಕು" ಎಂದಾಗ ನಿಲ್ಲಿಸಿದೆ. ಹಳೆಯ ಎಣ್ಣೆ ಕಪ್ಪಗೆ ಇಳಿದು ಮುಗಿಯಿತು, ಹೊಸ ಫಿಲ್ಟರ್ ಕೂತಿತು. ನನಗೆ ಸಂತೋಷವಾಯಿತು. ಎಲ್ಲಾ ನಾನು ಅಂದುಕೊಂಡ ಹಾಗೆಯೇ ಆಗುತ್ತಿದೆ ಎಂದುಕೊಂಡೆ.

ಎಂಜಿನ್ನಿನ ಮೇಲಿನ ಎಣ್ಣೆ ಮುಚ್ಚಳ ತಿರುಗಿಸಿ ಕೈಗೆ ತೆಗೆದುಕೊಂಡೆ. ಇನ್ನೊಂದು ಕೈಯಲ್ಲಿ ಡಬ್ಬ ಎತ್ತಿದೆ, ನಲವತ್ತು ಅವಳಿಗೆ ಚೆನ್ನಾಗಿ ಕಾಣುವ ಹಾಗೆ.

"ಬೇಡ" ಎಂದಳು.

"ನೀನೇ ಹೇಳಿದ್ದಲ್ವೇನೇ, ನಲವತ್ತು ಅಂತ?"

"ಹೌದು. ನಲವತ್ತು. ಬೇಡ!" ಕುರ್ಚಿಯಿಂದ ಎದ್ದೇಬಿಟ್ಟಳು. ಕೋಲಿನಿಂದ ಡಬ್ಬದ ಮೇಲಿನ 40ರ ಮೇಲೆ ಹೊಡೆದಳು. ನಾನು ಪೆದ್ದನ ಹಾಗೆ ಡಬ್ಬ ಹಿಡಿದು ನಿಂತೆ. ಅವಳು ಕೋಲು ಬಿಟ್ಟು, ಕಾರಿಗೆ ಒರಗಿ, ನನ್ನ ಕೈಯಿಂದ ಮುಚ್ಚಳ ಕಿತ್ತುಕೊಂಡಳು. ಪೂಜೆಯ ನೀರಿಗೆ ಅದನ್ನು ಅದ್ದಿ, ಎದೆಯ ಮೇಲಿನ ಸೀರೆಯ ಸೆರಗಿಗೆ ಒತ್ತಿ ಉಜ್ಜತೊಡಗಿದಳು. ವರ್ಷ ವರ್ಷ ಬಳಿದ ಅರಿಸಿನ ಕುಂಕುಮ ಎಂಜಿನ್ನಿನ ಕಾವಿಗೆ ಸುಟ್ಟು ಕಂದು ಹೊಪ್ಪಳೆಯಾಗಿ ಕೂತಿತ್ತು. ಅದು ಮುಚ್ಚಳದ ಬಣ್ಣವೇ ಎಂದು ನಾನು ತಿಳಿದಿದ್ದೆ. ಹೊಪ್ಪಳೆ ಕಿತ್ತುಬಂತು. ಕೆಳಗೆ ಬಿಳಿಯ ಅಕ್ಷರ: 0W-16.

ಮೂರು ವಾರ ನಾನು ಊರೆಲ್ಲ ಹುಡುಕಿದ್ದು ಅಲ್ಲಿತ್ತು. ಅವಳು ಹದಿನಾರರ ಕೆಳಗೆ ಬೆರಳಿಟ್ಟು, ನನ್ನ ಮುಖ ನೋಡಿ, ದಡ್ಡ ವಿದ್ಯಾರ್ಥಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು.

"ನ-ಲ-ವ-ತ್ತು."

ಅವಳು ಭಾನುವಾರ ಹೇಳಿದ್ದೂ ಇದನ್ನೇ. ನಂಬರು ಅವಳೊಳಗೆ ಸರಿಯಾಗಿಯೇ ಇತ್ತು, ದಾರಿಯಲ್ಲಿ ಬೇರೆಯಾಗಿತ್ತು. ಚಿಕಿತ್ಸೆಯಾಕೆ ಮೊದಲ ದಿನ ಹೇಳಿದ್ದಕ್ಕೆ ನಾನು ಈಗ ತಲೆಯಾಡಿಸಬೇಕಿತ್ತು. ಹತ್ತು ತಿಂಗಳಲ್ಲಿ ಅವಳು ಎಷ್ಟು ಸಲ "ಬೇಡ" ಎಂದಿದ್ದಳು, ನಾನು ಎಷ್ಟು ಸಲ ತಟ್ಟೆ ಎತ್ತಿಕೊಂಡು ಹೋಗಿದ್ದೆ ಎಂದು ನೆನಪಾಯಿತು. ಹಸಿವಾಗಿದ್ದಿರಬಹುದು. ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ.

ಡಬ್ಬದೊಳಗೆ ಇದ್ದದ್ದು ಹದಿನಾರೇ. ಅದನ್ನು ಹೇಳದಿದ್ದರೆ ಅವಳು ಸುರಿಯಗೊಡುವಂತಿರಲಿಲ್ಲ, ಹೇಳಿದರೆ ನನ್ನ ಬಂಡವಾಳ ಬಯಲು. ಮಗಳು ಒಳಗೆ ಹೋಗಿ, ಅಕ್ಕಿ ಮೂಟೆಯ ಹಿಂದಿನ ಖಾಲಿ ಡಬ್ಬ ತಂದು ಅವಳಮ್ಮನ ಮುಂದಿಟ್ಟಳು.

"ತಪ್ಪಾಯ್ತು ಕಣೇ. ಅದರಲ್ಲಿದ್ದಿದ್ದನ್ನ ಇದಕ್ಕೆ ಹಾಕಿದೀನಿ" ಎಂದೆ. "ನೀನು ಹೇಳಿದ್ದು ತಪ್ಪು ಅಂದ್ಕೊಂಡೆ. ಹಂಗಂತ ನಿನಗೆ ಹೇಳೋಕೆ ಧೈರ್ಯ ಬರ್ಲಿಲ್ಲ."

ಅವಳು ಎರಡು ಡಬ್ಬಗಳನ್ನೂ ನೋಡಿದಳು. ನನ್ನ ಕೈಯಲ್ಲಿದ್ದ ಡಬ್ಬದ ಬಾಯಿಗೆ ಬೆರಳು ಹಾಕಿ, ಎಣ್ಣೆಯನ್ನು ಹೆಬ್ಬೆರಳಿನೊಡನೆ ತಿಕ್ಕಿ ನೋಡಿದಳು. ತೆಳುವಾಗಿತ್ತು. ಎಲ್ಲ ಅರ್ಥವಾಯಿತು. ಬಾಳೆಹಣ್ಣಿನೊಳಗೆ ಮಾತ್ರೆ ಅಡಗಿಸಿ ಮಗುವಿಗೆ ಕೊಡುವ ಹಾಗೆ ನಾನು ತನಗೆ ಮಾಡಿದ್ದೇನೆ ಎಂದು ಅವಳ ಮುಖದಲ್ಲಿ ಕಂಡಿತು. ಅಳುತ್ತಾಳೆ ಎಂದು ಕಾದೆ. ಅಳಲಿಲ್ಲ. ಗೋಡೆಯ ಗೂಡಿನಿಂದ ಟಾರ್ಚ್ ತೆಗೆದು ನನ್ನ ಕೈಯಲ್ಲಿ ಕುಕ್ಕಿದಳು.

ಎಡಗೈಯಲ್ಲಿ ಡಬ್ಬದ ಹಿಡಿ ಹಿಡಿದು ಅವಳು ಸುರಿದಳು. ಭಾರಕ್ಕೆ ಮಗಳು ಅಡಿಗೆ ಕೈ ಕೊಟ್ಟಳು. ನಾನು ಕೈ ಚಾಚಿದಾಗ ಮೊಣಕೈಯಿಂದ ತಳ್ಳಿದಳು. ಬೆಳಕು ಅಲ್ಲಾಡದಂತೆ ನಾನು ಎರಡೂ ಕೈಯಿಂದ ಟಾರ್ಚ್ ಹಿಡಿದುಕೊಂಡೆ. ಕಡ್ಡಿ ಅದ್ದಿ ಮಟ್ಟ ನೋಡಿ "ಸಾಕು" ಎಂದಳು. ಮುಚ್ಚಳ ಹಾಕಿ, ಕುಂಕುಮವನ್ನು ಈ ಸಲ ಅಕ್ಷರ ಬಿಟ್ಟು ಅಂಚಿಗೆ ಇಟ್ಟಳು.

ಮಗಳು ಒಳಗಿನಿಂದ ಕೀ ತಂದಳು. ಕಾರು ಇಳಿಸಿ, ಮತ್ತೆ ಗುಂಡಿ ಒತ್ತಿ ನಿಂತೆವು. ದೀಪ ಹತ್ತಿತು, ಸದ್ದಿಲ್ಲ. ಅದರ ಸ್ವಭಾವವೇ ಹಾಗೆ, ನಾವು ಕರೆದಾಗ ಬರುವುದಿಲ್ಲ. ಮೂವರೂ ಕಾದೆವು. ಸ್ವಲ್ಪ ಹೊತ್ತಿಗೆ ಎಂಜಿನ್ ತಾನಾಗಿ ಎದ್ದು, ಮೆಲ್ಲಗೆ ನಡೆಯತೊಡಗಿತು. ಅವಳು ತಲೆ ವಾಲಿಸಿ ಕೇಳಿಸಿಕೊಂಡಳು, ನಿಂಬೆಹಣ್ಣುಗಳನ್ನು ಚಕ್ರದಡಿ ಇಡುವಂತೆ ಮಗಳಿಗೆ ಕೋಲಿನಿಂದ ತೋರಿಸಿದಳು.

ಅಂದು ಸಂಜೆಯವರೆಗೆ ಅವಳು ನನ್ನೊಡನೆ ಮಾತಾಡಲಿಲ್ಲ. ಹತ್ತು ತಿಂಗಳಿಂದ ಮಾತಾಡದೆ ಇದ್ದದ್ದು ಬೇರೆ, ಇದು ಬೇರೆ. ಮಗಳಿಗೆ "ಬಾ" ಎಂದಳು, "ಹೂ" ಎಂದಳು, ತಮ್ಮನ ಕಾಲ್ ಬಂದಾಗ ಮಗಳ ಫೋನಿನಲ್ಲಿ ನಕ್ಕಳು. ನಾನು ಹತ್ತಿರ ಹೋದರೆ ಮುಖ ಕಿಟಕಿಯ ಕಡೆಗೆ. ಮದುವೆಯಾದಾಗಿನಿಂದ ಅವಳು ಸಿಟ್ಟಾದಾಗಲೆಲ್ಲ ಹೀಗೇ ಮಾತು ಬಿಡುತ್ತಿದ್ದಳು, ಆಗೆಲ್ಲ ನನಗೆ ಪ್ರಾಣಸಂಕಟವಾಗುತ್ತಿತ್ತು. ಅವತ್ತೂ ಆಯಿತು. ಆದರೆ ಆ ಮುನಿಸಿನಲ್ಲಿ ನನ್ನ ಹೆಂಡತಿ ಇಡಿಯಾಗಿ ಕೂತಿದ್ದಳು. ನಾನು ಕಾಫಿ ಮಾಡಿ ತಂದು ಚಾಚಿದೆ. ಅವಳು ತಿರುಗಲಿಲ್ಲ. ಲೋಟ ಹಿಡಿದುಕೊಂಡು ಅಲ್ಲೇ ಪಕ್ಕದಲ್ಲಿ ನಿಂತು ಕಾದೆ, ನಾನಾಗಿ ಒಂದು ಪದವನ್ನೂ ತುಂಬಲಿಲ್ಲ.